ಲಾರಿಗೆ ತಂಪುಗಾಳಿಯ ಕೊಳವೆ: ಲಾಭವೆಷ್ಟು, ಭ್ರಮೆಯೆಷ್ಟು?

ಊಟವಾದ ಮೇಲೆ ತಟ್ಟೆಗೆ ಬರುವ ಸವಣೂರಿನ ವೀಳ್ಯದೆಲೆ, ಬೇಸಗೆಯಲ್ಲಿ ಮಕ್ಕಳು ದಾರಿ ಕಾಯುವ ಹಾನಗಲ್ಲ ಸೀಮೆಯ ಮಾವಿನ ಹಣ್ಣು, ಹಿರೇಕೆರೂರಿನ ಕಡೆಯ ಹತ್ತಿ, ಗೋವಿನಜೋಳ ಇವು ಯಾವುವೂ ತಾವಾಗಿ ನಡೆದು ಪಟ್ಟಣಕ್ಕೆ ಬರುವುದಿಲ್ಲ. ಪಟ್ಟಣವಾಸಿಗಳು ಸುಖನಿದ್ರೆಯಲ್ಲಿರುವ ಹೊತ್ತಿನಲ್ಲಿ ಶಿಗ್ಗಾಂವಿಯ ಹೆದ್ದಾರಿಯ ಮೇಲೆ ಸಾಲುಗಟ್ಟಿ ಓಡುವ ಲಾರಿಗಳು ಅವನ್ನು ಹೊತ್ತು ತರುತ್ತವೆ. ಆ ಲಾರಿಗಳಲ್ಲಿ ದೊಡ್ಡ ಕಂಪನಿಗಳಿಗೆ ಸೇರಿದವು ಕೆಲವು. ಒಂದೇ ಲಾರಿಯನ್ನು ನೆಚ್ಚಿ ಬದುಕುವ ಸಂಸಾರಗಳಿಗೆ ಸೇರಿದವು ಹಲವು. ಗದಗಿನಲ್ಲಿ ೧೯೭೬ರಲ್ಲಿ ಒಂದೇ ಲಾರಿಯಿಂದ ಆರಂಭವಾದ ಒಂದು ಸಾಗಾಣಿಕೆಯ ಉದ್ಯಮವು ಮುಂದೆ ಹುಬ್ಬಳ್ಳಿಯಲ್ಲಿ ನೆಲೆಯೂರಿ ದೇಶದ ದೊಡ್ಡ ಸಾಗಾಣಿಕೆ ಸಂಸ್ಥೆಗಳಲ್ಲೊಂದಾಗಿ ಬೆಳೆದ ಸಂಗತಿಯನ್ನು ಈ ಭಾಗದಲ್ಲಿ ಅರಿಯದವರಿಲ್ಲ. ಆದುದರಿಂದ ಒಂದು ಲಾರಿಯ ಮಾಲಿಕನ ಕಣ್ಣಿನಲ್ಲಿಯೂ ಎರಡನೆಯ ಲಾರಿಯ ಕನಸು ಇದ್ದೇ ಇರುತ್ತದೆ.

ಆದರೆ ಕನಸಿಗೂ ಅವನಿಗೂ ನಡುವೆ ಡೀಸೆಲಿನ ಲೆಕ್ಕ ನಿಂತಿದೆ. ಸಾಲದ ಕಂತು, ಚಾಲಕನ ಸಂಬಳ, ಟಾಯರು, ವಿಮೆ, ಇವೆಲ್ಲವನ್ನೂ ಒಮ್ಮೆ ಗೊತ್ತುಮಾಡಿಕೊಂಡು ಕೂರಬಹುದು. ಡೀಸೆಲಿನ ಖರ್ಚು ಮಾತ್ರ ಪ್ರತಿದಿನವೂ ಕೈಬಿಟ್ಟು ಹೋಗತಕ್ಕದ್ದು. ಇಂಥವನ ಎದುರಿಗೆ ಯಾರಾದರೊಬ್ಬರು ಹೊಳೆಯುವ ಲೋಹದ ಕೊಳವೆಯೊಂದನ್ನೂ ಕೆಂಪು ಬಟ್ಟೆಯ ಶಂಕುವಿನಂಥ ಫಿಲ್ಟರೊಂದನ್ನೂ ಹಿಡಿದು, ‘ಇದನ್ನು ಹಾಕಿಸಿರಿ; ಎಂಜಿನು ತಂಪುಗಾಳಿಯನ್ನು ಕುಡಿಯುತ್ತದೆ; ಪಿಕಪ್ಪು ಹೆಚ್ಚುತ್ತದೆ, ಮೈಲೇಜು ಏರುತ್ತದೆ’ ಎಂದರೆ ಅವನ ಕಿವಿ ನೆಟ್ಟಗಾಗುವುದು ಸಹಜ. ಅಮೆರಿಕದಲ್ಲಿ ಪಿಕಪ್ ಗಾಡಿಗಳ ಹವ್ಯಾಸಿಗಳು ಬಹುಕಾಲದಿಂದ ‘ಕೋಲ್ಡ್ ಏರ್ ಇಂಟೇಕ್’ ಎಂದು ಕರೆಯುತ್ತ ಬಂದಿರುವ ಸಾಧನವಿದು. ಮೊಬೈಲಿನ ಪರದೆಯ ಮೂಲಕ ಅದರ ಕೀರ್ತಿ ಈಗ ನಮ್ಮ ತಾಲೂಕುಗಳಿಗೂ ಬರುತ್ತಿದೆ. ಆ ಕೀರ್ತಿಯಲ್ಲಿ ಸತ್ಯದ ಪಾಲೆಷ್ಟು?

ಎಂಜಿನಿನ ಊಟದ ಲೆಕ್ಕ

ಎಂಜಿನು ಡೀಸೆಲನ್ನು ಕುಡಿಯುತ್ತದೆಂದು ನಾವು ತಿಳಿದಿದ್ದೇವೆ. ವಾಸ್ತವದಲ್ಲಿ ಅದು ಡೀಸೆಲಿಗಿಂತ ಬಹುಪಾಲು ಹೆಚ್ಚಾಗಿ ಗಾಳಿಯನ್ನು ಕುಡಿಯುತ್ತದೆ. ಒಂದು ಲೀಟರು ಡೀಸೆಲಿನ ತೂಕ ಸುಮಾರು ೮೩೦ ಗ್ರಾಂ. ಅದು ಪೂರ್ಣವಾಗಿ ಉರಿಯಬೇಕಾದರೆ ಅದರ ತೂಕದ ಹದಿನಾಲ್ಕೂವರೆಪಟ್ಟು, ಎಂದರೆ ೧೨ ಕಿಲೋಗ್ರಾಮಿನಷ್ಟು ಗಾಳಿ ಬೇಕು. ಡೀಸೆಲ್ ಎಂಜಿನಿಗೆ ಅಷ್ಟು ಸಾಲದು. ಹೊಗೆ ಕಾರದೆ ಉರಿಯಲು ಅದು ಬೇಕಾದುದಕ್ಕಿಂತ ಎಷ್ಟೋ ಹೆಚ್ಚು ಗಾಳಿಯನ್ನು ಸೇವಿಸುತ್ತದೆ. ಒಟ್ಟಿನಲ್ಲಿ ಒಂದು ಲೀಟರು ಡೀಸೆಲಿಗೆ ಸುಮಾರು ೧೫,೦೦೦ ಲೀಟರು ಗಾಳಿಯೆಂದು ಇಟ್ಟುಕೊಳ್ಳಬಹುದು. ಲೀಟರಿಗೆ ನಾಲ್ಕು ಕಿಲೋಮೀಟರು ಓಡುವ ಲಾರಿಯೊಂದು ದಿನಕ್ಕೆ ೩೦೦ ಕಿಲೋಮೀಟರು ನಡೆದರೆ ೭೫ ಲೀಟರು ಡೀಸೆಲನ್ನೂ, ಅದರೊಡನೆ ಹನ್ನೊಂದು ಲಕ್ಷ ಲೀಟರಿಗೂ ಮಿಕ್ಕಿದ ಗಾಳಿಯನ್ನೂ ನುಂಗುತ್ತದೆ.

ಇಷ್ಟೊಂದು ಗಾಳಿ ಬೇಕಾದ ಯಂತ್ರಕ್ಕೆ ಒಳ್ಳೆಯ ಗಾಳಿ ಕೊಟ್ಟರೆ ಒಳ್ಳೆಯದಾಗಬೇಡವೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಗಾಳಿ ಕಾದಷ್ಟೂ ಹಿಗ್ಗಿ ತೆಳುವಾಗುತ್ತದೆ. ನಮ್ಮ ನಾಡಿನ ಉಷ್ಣಮಾನದಲ್ಲಿ ಪ್ರತಿ ಮೂರು ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಗಾಳಿಯ ಸಾಂದ್ರತೆ ಹೆಚ್ಚುಕಡಮೆ ಶೇಕಡಾ ಒಂದರಂತೆ ಕುಗ್ಗುತ್ತದೆ. ಹೊರಗೆ ೩೮ ಡಿಗ್ರಿಯಿರುವ ಏಪ್ರಿಲಿನ ಮಧ್ಯಾಹ್ನ ಬಾನೆಟ್ಟಿನ ಒಳಗೆ ೬೦ ಡಿಗ್ರಿಯಿದ್ದರೆ, ಒಳಗಿನ ಗಾಳಿ ಹೊರಗಿನದಕ್ಕಿಂತ ಶೇಕಡಾ ಏಳರಷ್ಟು ತೆಳು. ಒಂದೇ ಗುಟುಕಿನಲ್ಲಿ ಅಷ್ಟು ಕಡಿಮೆ ಆಮ್ಲಜನಕ ದೊರೆಯುತ್ತದೆ. ಹೊರಗಿನ ತಂಪುಗಾಳಿಯನ್ನು ಕೊಳವೆಯ ಮೂಲಕ ಒಳಗೆ ತಂದರೆ ಈ ನಷ್ಟ ತಪ್ಪುತ್ತದೆ. ಇದೇ ಈ ಸಾಧನದ ಮೂಲಮಂತ್ರ, ಇದರಲ್ಲಿ ಸುಳ್ಳಿಲ್ಲ.

ಪೆಟ್ರೋಲಿನ ನ್ಯಾಯ, ಡೀಸೆಲಿನ ನ್ಯಾಯ

ಮಂತ್ರ ನಿಜವಾದರೂ ಅದು ಎಲ್ಲ ದೇವರಿಗೂ ಸಲ್ಲುವುದಿಲ್ಲ. ಪೆಟ್ರೋಲ್ ಎಂಜಿನಿನಲ್ಲಿ ಗಾಳಿಯೇ ಯಜಮಾನ. ಚಾಲಕ ಪೆಡಲನ್ನು ಒತ್ತಿದಾಗ ಗಾಳಿಯ ಬಾಗಿಲು ತೆರೆಯುತ್ತದೆ. ಒಳಬಂದ ಗಾಳಿಯನ್ನು ಅಳೆದು ಅದಕ್ಕೆ ತಕ್ಕಷ್ಟು ಪೆಟ್ರೋಲು ಬೆರೆಯುತ್ತದೆ. ಗಾಳಿ ಹೆಚ್ಚಾದರೆ ಪೆಟ್ರೋಲೂ ಹೆಚ್ಚಿ, ಶಕ್ತಿಯೂ ಹೆಚ್ಚುತ್ತದೆ. ಹಳೆಯ ಅಂಬಾಸಿಡರ್ ಕಾರಿನಂತೆ ಬಾನೆಟ್ಟಿನ ಒಳಗಿನ ಬಿಸಿಗಾಳಿಯನ್ನೇ ಎಳೆಯುತ್ತಿದ್ದ ಕಾರ್ಬ್ಯುರೇಟರ್ ಗಾಡಿಗಳಿಗೆ ತಂಪುಗಾಳಿಯಿಂದ ಒಂದಿಷ್ಟು ಚೈತನ್ಯ ಬರುತ್ತಿತ್ತೆಂಬುದನ್ನು ಒಪ್ಪಬಹುದು.

ಡೀಸೆಲ್ ಎಂಜಿನಿನ ಮನೆತನವೇ ಬೇರೆ. ಅಲ್ಲಿ ಯಜಮಾನಿಕೆ ಇಂಧನದ್ದು. ಗಾಳಿ ಯಾವಾಗಲೂ ಧಾರಾಳವಾಗಿಯೇ ಒಳಬರುತ್ತದೆ. ಎಷ್ಟು ಡೀಸೆಲನ್ನು ಚಿಮ್ಮಿಸಲಾಯಿತೆಂಬುದರ ಮೇಲೆ ಶಕ್ತಿ ನಿಂತಿದೆ. ಆ ಪ್ರಮಾಣದ ಮೇಲ್ಮಿತಿಯನ್ನು ಕಾರಖಾನೆಯವರೇ ಗೊತ್ತುಮಾಡಿ ಕಳಿಸಿರುತ್ತಾರೆ. ಹಿಂದೆ ಆ ಕೆಲಸವನ್ನು ಡೀಸೆಲ್ ಪಂಪು ಮಾಡುತ್ತಿತ್ತು. ಇಂದು ಎಂಜಿನಿನ ಗಣಕವು ಮಾಡುತ್ತದೆ. ಅನ್ನ ಬಡಿಸುವ ಸೌಟು ಹಿಂದಿನಷ್ಟೇ ಇರುವಾಗ ಎಲೆ ದೊಡ್ಡದಾದ ಮಾತ್ರಕ್ಕೆ ಊಟ ಹೆಚ್ಚಾಗುವುದೆ? ಗಾಳಿ ಶೇಕಡಾ ಒಂದೆರಡು ಹೆಚ್ಚಿದರೆ ಡೀಸೆಲು ಅಷ್ಟೇ ಇರುವವರೆಗೆ ಉರಿಯುವಿಕೆ ತುಸು ಶುಭ್ರವಾಗಬಹುದೇ ಹೊರತು, ಅಶ್ವಶಕ್ತಿ ಮೈದುಂಬಿ ಬರುವುದಿಲ್ಲ.

ಟರ್ಬೊ ಎಂಬ ನಡುವಣ ದಲ್ಲಾಳಿ

೧೯೫೪ರಲ್ಲಿ ಜಮಶೇಟ್‌ಪುರದಲ್ಲಿ ಟಾಟಾ-ಮರ್ಸಿಡಿಸ್ ಲಾರಿಗಳು ತಯಾರಾಗತೊಡಗಿದಾಗ ಅವುಗಳ ಎಂಜಿನು ತನ್ನ ಉಸಿರನ್ನು ತಾನೇ ಎಳೆದುಕೊಳ್ಳಬೇಕಾಗಿತ್ತು. ಇಂದಿನ ಲಾರಿಗೆ ಆ ಕಷ್ಟವಿಲ್ಲ. ಆಲ್ಫ್ರೆಡ್ ಬ್ಯೂಖಿ ಎಂಬ ಸ್ವಿಸ್ ಎಂಜಿನಿಯರನು ೧೯೦೫ರಲ್ಲಿ ಪೇಟೆಂಟು ಪಡೆದ ಟರ್ಬೊ ಯುಕ್ತಿಯು, ಹೊಗೆಯ ನಿಯಮಗಳು ಬಿಗಿಯಾದಂತೆ, ನಮ್ಮ ಲಾರಿಗಳಲ್ಲೆಲ್ಲ ನೆಲೆಗೊಂಡಿದೆ. ಹೊರಹೋಗುವ ಹೊಗೆಯ ರಭಸದಿಂದ ತಿರುಗುವ ಪುಟ್ಟ ಚಕ್ರವೊಂದು ನಿಮಿಷಕ್ಕೆ ಲಕ್ಷದ ಆಸುಪಾಸಿನ ಸುತ್ತು ಸುತ್ತಿ, ಗಾಳಿಯನ್ನು ಒತ್ತಿ ಎಂಜಿನಿಗೆ ತುಂಬುತ್ತದೆ.

ಸೈಕಲ್ಲಿಗೆ ಗಾಳಿ ಹೊಡೆದವರಿಗೆಲ್ಲ ತಿಳಿದಿರುವಂತೆ, ಒತ್ತಿದ ಗಾಳಿ ಬಿಸಿಯಾಗುತ್ತದೆ. ೪೦ ಡಿಗ್ರಿಯ ಗಾಳಿಯನ್ನು ಟರ್ಬೊ ಎರಡೂವರೆಪಟ್ಟು ಒತ್ತಿದರೆ ಅದರ ಉಷ್ಣಮಾನ ೧೬೦ ಡಿಗ್ರಿಯನ್ನು ಮೀರುತ್ತದೆ. ಅದನ್ನು ತಣಿಸಲು ರೇಡಿಯೇಟರಿನ ಮುಂದೆ ಇಂಟರ್‌ಕೂಲರ್ ಎಂಬ ಜಾಲರಿಯನ್ನು ಇಟ್ಟಿರುತ್ತಾರೆ. ಎದುರುಗಾಳಿಯಿಂದ ತಣಿದು ಅದು ೬೫ ಡಿಗ್ರಿಯ ಹತ್ತಿರಕ್ಕೆ ಇಳಿಯುತ್ತದೆ. ಈಗ ಕೊಳವೆಯಿಂದ ಟರ್ಬೊವಿನ ಬಾಯಿಗೆ ಹತ್ತು ಡಿಗ್ರಿಯಷ್ಟು ತಂಪಾದ ಗಾಳಿ ದೊರೆಯಿತೆನ್ನೋಣ. ಒತ್ತಿದ ಮೇಲೆ ೧೬೫ಕ್ಕೆ ಬದಲಾಗಿ ೧೫೦ ಡಿಗ್ರಿ. ಇಂಟರ್‌ಕೂಲರನ್ನು ದಾಟಿದ ಮೇಲೆ ೬೫ಕ್ಕೆ ಬದಲಾಗಿ ೬೨ ಡಿಗ್ರಿ. ಬಾಗಿಲಲ್ಲಿ ಹತ್ತಾಗಿದ್ದ ವ್ಯತ್ಯಾಸ ಅಡಿಗೆಮನೆ ಸೇರುವಷ್ಟರಲ್ಲಿ ಮೂರಾಯಿತು. ಸಾಂದ್ರತೆಯಲ್ಲಿ ಇದು ಶೇಕಡಾ ಒಂದರ ಮಾತು.

ಹಾವೇರಿ ಜಿಲ್ಲೆಯ ಈ ತಾಲೂಕುಗಳು ಸಮುದ್ರಮಟ್ಟದಿಂದ ಸುಮಾರು ೫೫೦-೬೦೦ ಮೀಟರು ಎತ್ತರದಲ್ಲಿವೆ. ಆ ಎತ್ತರದ ಕಾರಣದಿಂದಲೇ ಇಲ್ಲಿನ ಗಾಳಿ ಕರಾವಳಿಯ ಗಾಳಿಗಿಂತ ಶೇಕಡಾ ಐದಾರರಷ್ಟು ತೆಳು. ಹಾನಗಲ್ಲಿನಿಂದ ಶಿರಸಿಯ ಮೂಲಕ ದೇವಿಮನೆ ಘಟ್ಟವನ್ನಿಳಿದು ಕುಮಟೆಗೆ ಹೋಗುವ ಲಾರಿಯು ಯಾವ ಕೊಳವೆಯೂ ಇಲ್ಲದೆ ಅಷ್ಟು ದಟ್ಟವಾದ ಗಾಳಿಯನ್ನು ಪಡೆಯುತ್ತದೆ. ಹಾಗೆಂದು ಕುಮಟೆಯಲ್ಲಿ ಲಾರಿಗೆ ರೆಕ್ಕೆ ಮೂಡಿತೆಂದು ಯಾವ ಚಾಲಕನೂ ಹೇಳಿದ್ದಿಲ್ಲ. ಟರ್ಬೊ ತನ್ನ ಒತ್ತಡವನ್ನು ಹೊಂದಿಸಿಕೊಂಡು ಈ ಏರುಪೇರನ್ನು ಬಹುಮಟ್ಟಿಗೆ ಮರೆಯಿಸಿಬಿಡುತ್ತದೆ.

ಹುಟ್ಟಿನಿಂದಲೇ ತಂಪುಗಾಳಿ

ಇಷ್ಟಕ್ಕೂ ಲಾರಿಗೆ ತಂಪುಗಾಳಿ ಹೊಸದೆ? ಹೆದ್ದಾರಿಯ ಬದಿಯಲ್ಲಿ ನಿಂತ ಲಾರಿಯನ್ನು ಸಾವಧಾನವಾಗಿ ನೋಡಿದರೆ, ಕ್ಯಾಬಿನ್ನಿನ ಹಿಂಬದಿಯಲ್ಲಿ ಮಾಡಿನ ಎತ್ತರಕ್ಕೆ ಏರಿದ ಕಪ್ಪು ಗೂಡೊಂದು ಹಲವು ಲಾರಿಗಳಲ್ಲಿ ಕಾಣುತ್ತದೆ. ಎಂಜಿನಿನ ಮೂಗು ಅದೇ. ಅಷ್ಟು ಎತ್ತರದಲ್ಲಿ ಗಾಳಿ ತಂಪು, ಧೂಳು ಕಡಿಮೆ, ನೀರಿನ ಭಯವಿಲ್ಲ. ಕಾರಖಾನೆಯ ಎಂಜಿನಿಯರರು ಮೊದಲೇ ಮಾಡಿಕೊಟ್ಟಿರುವುದನ್ನು ಕಿತ್ತುಹಾಕಿ, ಅದರ ಬದಲಿಗೆ ಅದನ್ನೇ ಇನ್ನೊಂದು ಹೆಸರಿನಲ್ಲಿ ಕೊಳ್ಳುವುದರಲ್ಲಿ ಯಾವ ಜಾಣತನವಿದೆ? ಕೆಲವು ವೇಳೆ ಕೊಂಡುತಂದ ಫಿಲ್ಟರನ್ನು ಬಾನೆಟ್ಟಿನ ಒಳಗೆ ಮರೆಯಿಲ್ಲದೆ ನಿಲ್ಲಿಸುವುದರಿಂದ ಅದು ಹಿಂದಿಗಿಂತ ಬಿಸಿಯಾದ ಗಾಳಿಯನ್ನೇ ಎಳೆಯುವುದುಂಟು. ಹೆಸರು ತಂಪುಗಾಳಿ, ಕೆಲಸ ಬಿಸಿಗಾಳಿ!

ಗಾಳಿಗೆ ಅಡ್ಡಿ ಕಡಿಮೆಯಾಗುತ್ತದೆಂಬುದು ಮಾರುವವರ ಎರಡನೆಯ ವಾದ. ಲಾರಿಯ ಒಳ್ಳೆಯ ಕಾಗದದ ಫಿಲ್ಟರಿನ ವ್ಯವಸ್ಥೆ ಒಡ್ಡುವ ಅಡ್ಡಿ ವಾಯುಮಂಡಲದ ಒತ್ತಡದ ಶೇಕಡಾ ಎರಡು-ಮೂರರಷ್ಟು. ಅದನ್ನು ಅರ್ಧಕ್ಕಿಳಿಸಿದರೂ ದೊರೆಯುವುದು ಶೇಕಡಾ ಒಂದು ಒಂದೂವರೆ. ಅದನ್ನೂ ಟರ್ಬೊ ಸರಿದೂಗಿಸುತ್ತದೆ. ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯವು ೨೦೦೯ರಲ್ಲಿ ಪೆಟ್ರೋಲ್ ಕಾರುಗಳ ಮೇಲೆ ನಡೆಸಿದ ಪರೀಕ್ಷೆಯ ಫಲ ಇಲ್ಲಿ ಗಮನಾರ್ಹ. ಗಣಕನಿಯಂತ್ರಿತ ಎಂಜಿನುಗಳಲ್ಲಿ ಪೂರ್ತಿ ಕಟ್ಟಿಕೊಂಡ ಫಿಲ್ಟರನ್ನು ತೆಗೆದು ಹೊಸದನ್ನು ಹಾಕಿದರೂ ಮೈಲೇಜಿನಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ; ವೇಗ ಏರಿಸುವ ಚುರುಕು ಮಾತ್ರ ಶೇಕಡಾ ೬ರಿಂದ ೧೧ರಷ್ಟು ಸುಧಾರಿಸಿತು. ಹಳೆಯ ಕಾರ್ಬ್ಯುರೇಟರ್ ಗಾಡಿಯಲ್ಲಿ ಮೈಲೇಜು ಶೇಕಡಾ ೨ರಿಂದ ೬ರಷ್ಟು ಹೆಚ್ಚಿತು. ಕಟ್ಟಿಕೊಂಡದ್ದನ್ನು ಬದಲಿಸಿದಾಗಲೇ ಇಷ್ಟಾದರೆ, ಶುಭ್ರವಾಗಿರುವುದನ್ನು ಬದಲಿಸಿ ಪವಾಡವನ್ನು ನಿರೀಕ್ಷಿಸುವುದು ಹೇಗೆ?

ಧೂಳೆಂಬ ಶತ್ರು

ಲಾಭವಿಲ್ಲದಿದ್ದರೆ ಹೋಗಲಿ, ನಷ್ಟವಾದರೂ ಇಲ್ಲವಲ್ಲ ಎನ್ನುವವರು ಈ ಸೀಮೆಯ ಧೂಳನ್ನು ಮರೆತಂತೆ. ಸವಣೂರಿನ ಎರೆಭೂಮಿಯ ಕಪ್ಪು ಹುಡಿ, ಹಿರೇಕೆರೂರಿನ ಮಸಾರಿಯ ಕೆಂಪು ಹುಡಿ, ಗೋವಿನಜೋಳದ ಹೊಟ್ಟು, ಹತ್ತಿಯ ಎಳೆ, ಸುಗ್ಗಿಯಲ್ಲಿ ರಸ್ತೆಯ ಮೇಲೆಯೇ ನಡೆಯುವ ಒಕ್ಕಣೆ, ಇವುಗಳ ನಡುವೆ ಓಡುವ ಲಾರಿ ದಿನಕ್ಕೆ ಹನ್ನೊಂದು ಲಕ್ಷ ಲೀಟರು ಗಾಳಿಯನ್ನು ಎಳೆಯುತ್ತದೆಂಬುದನ್ನು ನೆನೆಯಬೇಕು. ಮಣ್ಣಿನ ಹುಡಿಯಲ್ಲಿರುವ ಮರಳಿನ ಕಣಗಳು ಕೂದಲೆಳೆಗಿಂತ ಎಷ್ಟೋ ಸಣ್ಣವು, ಆದರೆ ಗಡಸು. ಅವು ಸಿಲಿಂಡರಿನ ಗೋಡೆಗೂ ಪಿಸ್ಟನ್ನಿನ ರಿಂಗುಗಳಿಗೂ ನಡುವಿನ ಎಣ್ಣೆಯಲ್ಲಿ ಬೆರೆತು, ಬೀಸುವ ಕಲ್ಲಿನಂತೆ ಹಗಲಿರುಳು ಉಕ್ಕನ್ನು ಅರೆಯುತ್ತವೆ.

ಒಳ್ಳೆಯ ಕಾಗದದ ಫಿಲ್ಟರು ಪರೀಕ್ಷಾಗೃಹದಲ್ಲಿ ಸಾವಿರ ಗ್ರಾಂ ಧೂಳಿನಲ್ಲಿ ೯೯೯ ಗ್ರಾಂ ತಡೆದು ಒಂದನ್ನು ಒಳಬಿಡುವುದೆನ್ನೋಣ. ಗಾಳಿಯನ್ನು ಸರಾಗವಾಗಿ ಬಿಡಲೆಂದು ಸಡಿಲವಾಗಿ ಹೆಣೆದ ಇನ್ನೊಂದು ಫಿಲ್ಟರು ೯೮೦ ಗ್ರಾಂ ತಡೆಯುವುದೆನ್ನೋಣ. ಕೇಳುವಾಗ ಒಂದು ಶೇಕಡಾ ೯೯.೯, ಇನ್ನೊಂದು ಶೇಕಡಾ ೯೮. ಹೆಚ್ಚು ವ್ಯತ್ಯಾಸವೇನೂ ಇಲ್ಲವೆನಿಸುತ್ತದೆ. ಆದರೆ ಒಳಹೋದ ಧೂಳನ್ನು ನೋಡಿದರೆ ಒಂದು ಗ್ರಾಮಿನ ಜಾಗದಲ್ಲಿ ಇಪ್ಪತ್ತು ಗ್ರಾಂ! ಸರಾಗ ಉಸಿರಾಟಕ್ಕೂ ಶುದ್ಧ ಉಸಿರಾಟಕ್ಕೂ ಇರುವ ವಿರೋಧ ಇದು. ಈ ನಷ್ಟ ಅಂದೇ ಕಾಣುವುದಿಲ್ಲ. ವರ್ಷ ಕಳೆದ ಮೇಲೆ ಎಂಜಿನು ಆಯಿಲು ತಿನ್ನತೊಡಗುತ್ತದೆ, ನೀಲಿ ಹೊಗೆ ಬರುತ್ತದೆ, ಗ್ಯಾರೇಜಿನವನು ‘ಎಂಜಿನ್ ಕೆಲಸ’ ಎನ್ನುತ್ತಾನೆ. ಲಾರಿ ವಾರಗಟ್ಟಲೆ ಗ್ಯಾರೇಜಿನಲ್ಲಿ ನಿಲ್ಲುತ್ತದೆ. ಸಾಲದ ಕಂತು ನಿಲ್ಲುವುದಿಲ್ಲ. ಆಗ ಮನೆಯ ಬಂಗಾರ ಬ್ಯಾಂಕಿನ ಕಪಾಟು ಸೇರಬೇಕಾಗುತ್ತದೆ. ಕೆಲವು ಬಟ್ಟೆಯ ಫಿಲ್ಟರುಗಳಿಗೆ ಎಣ್ಣೆ ಸವರಬೇಕಾಗುತ್ತದೆ. ಎಣ್ಣೆ ಹೆಚ್ಚಾದರೆ, ಗಾಳಿಯನ್ನಳೆಯುವ ಸೂಕ್ಷ್ಮ ಸೆನ್ಸರುಳ್ಳ ಗಾಡಿಗಳಲ್ಲಿ ಅದು ಹರಿದುಹೋಗಿ ಸೆನ್ಸರಿಗೆ ಅಂಟಿ ತಪ್ಪು ಲೆಕ್ಕ ಹೇಳಿಸುವುದೂ ಉಂಟು.

ಇನ್ನೊಂದು ಅಪಾಯ ಮಳೆಗಾಲದ್ದು. ೨೦೧೯ರ ಆಗಸ್ಟಿನಲ್ಲಿ ವರದಾ, ಧರ್ಮಾ ನದಿಗಳು ಉಕ್ಕಿ ಹರಿದುದನ್ನು ಹಾನಗಲ್ಲ, ಸವಣೂರು ತಾಲೂಕುಗಳ ಜನ ಮರೆತಿಲ್ಲ. ತಂಪುಗಾಳಿಯ ಆಸೆಗೆ ಕೊಳವೆಯ ಬಾಯನ್ನು ಬಂಪರಿನ ಬಳಿ ಕೆಳಗಿರಿಸಿದ ಪಿಕಪ್ ಗಾಡಿಯು ನೀರು ತುಂಬಿದ ಮೋರಿಯನ್ನು ದಾಟುವಾಗ ಗಾಳಿಯ ಜೊತೆಗೆ ನೀರನ್ನೂ ಎಳೆಯಬಹುದು. ಗಾಳಿಯಂತೆ ನೀರನ್ನು ಒತ್ತಿ ಕುಗ್ಗಿಸಲು ಬರುವುದಿಲ್ಲ. ಪಿಸ್ಟನ್ನಿನ ರಭಸಕ್ಕೆ ಕನೆಕ್ಟಿಂಗ್ ರಾಡೇ ಬಾಗುತ್ತದೆ. ಎಂಜಿನು ಅಲ್ಲಿಗೇ ಮುಗಿಯಿತು.

ಹಾಗಾದರೆ ಲಾಭ ಕಂಡವರೆಲ್ಲ ಸುಳ್ಳುಗಾರರೆ?

ಅಲ್ಲ. ಅವರು ಕಂಡದ್ದು ನಿಜ, ಕಾರಣ ಬೇರೆ. ಎಷ್ಟೋ ಸಲ ಕಟ್ಟಿಕೊಂಡ ಹಳೆಯ ಫಿಲ್ಟರನ್ನು ತೆಗೆದು ಈ ಹೊಸದನ್ನು ಹಾಕಲಾಗುತ್ತದೆ. ಅದೇ ದಿನ ಹೊಸ ಕಾಗದದ ಫಿಲ್ಟರನ್ನು ಹಾಕಿದ್ದರೂ ಲಾರಿ ಹಗುರವಾಗುತ್ತಿತ್ತು. ಎರಡನೆಯದು ಸದ್ದು. ಮರೆಯಿಲ್ಲದ ಕೊಳವೆಯಿಂದ ಗಾಳಿಯ ಮೊರೆತವೂ ಟರ್ಬೊವಿನ ಸಿಳ್ಳೂ ಜೋರಾಗಿ ಕೇಳಿಸಿ, ಎಂಜಿನಿಗೆ ಯೌವನ ಮರಳಿತೆಂಬ ಭಾವನೆ ಹುಟ್ಟುತ್ತದೆ. ತುಂಬಿದ ಕೊಡ ತುಳುಕುವುದಿಲ್ಲವೆಂಬ ಗಾದೆ ಎಂಜಿನಿಗೂ ಒಪ್ಪುತ್ತದೆ. ಮೂರನೆಯದು ಮನುಷ್ಯಸ್ವಭಾವ. ಹಣ ಸುರಿದು ಬಂದ ವಾರ ಮಾಲಿಕ ಲೆಕ್ಕ ಬರೆಯುತ್ತಾನೆ, ಚಾಲಕ ಮೆಲ್ಲಗೆ ಕಾಲಿಡುತ್ತಾನೆ. ಉಳಿದ ಡೀಸೆಲು ಕೊಳವೆಯ ಹೆಸರಿಗೆ ಜಮೆಯಾಗುತ್ತದೆ.

ಸತ್ಯವನ್ನು ತಿಳಿಯಬೇಕೆನ್ನುವವರಿಗೆ ಮಾರ್ಗವಿದೆ. ಒಂದೇ ದಾರಿ, ಒಂದೇ ತೂಕದ ಹೇರು, ಒಬ್ಬನೇ ಚಾಲಕ. ಹಿರೇಕೆರೂರಿನಿಂದ ಹುಬ್ಬಳ್ಳಿಗೆ ಎನ್ನೋಣ. ಟಾಂಕಿಯನ್ನು ಒಂದೇ ಪಂಪಿನಲ್ಲಿ ಒಂದೇ ಮಟ್ಟಕ್ಕೆ ತುಂಬಿಸಿ, ಹೊಸ ಕಾಗದದ ಫಿಲ್ಟರಿನೊಡನೆ ಐದು ಸಲ, ಕೊಳವೆಯೊಡನೆ ಐದು ಸಲ, ಮತ್ತೆ ಕಾಗದದ ಫಿಲ್ಟರಿನೊಡನೆ ಐದು ಸಲ ಓಡಿಸಿ ಲೆಕ್ಕವನ್ನು ಹೋಲಿಸಬೇಕು. ಗಾಳಿ, ಮಳೆ, ದಾರಿಯ ದಟ್ಟಣೆಗಳಿಂದಲೇ ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ಶೇಕಡಾ ಮೂರು-ನಾಲ್ಕು ಏರುಪೇರಾಗುವುದರಿಂದ, ಒಂದೇ ಓಟವನ್ನು ನಂಬಿ ತೀರ್ಪು ಕೊಡಲಾಗದು.

ಕಾನೂನಿನ ಕಣ್ಣು

ವಾಹನವನ್ನು ಮನಬಂದಂತೆ ತಿದ್ದಲು ಕಾನೂನಿನ ಒಪ್ಪಿಗೆಯಿಲ್ಲ. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮು, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆನ್ನುತ್ತದೆ. ಸರ್ವೋಚ್ಚ ನ್ಯಾಯಾಲಯವು ೨೦೧೯ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಒಂದೊಂದು ಮಾರ್ಪಾಟಿಗೆ ೫,೦೦೦ ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸವನ್ನು ವಿಧಿಸಿದೆ. ಫಿಲ್ಟರು ಬದಲಿಸಿದ ಮಾತ್ರಕ್ಕೆ ಯಾರೂ ಸೆರೆಮನೆಗೆ ಹೋಗಲಾರರು. ಆದರೆ ೨೦೨೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಬಿ.ಎಸ್. ೬ ನಿಯಮದ ಲಾರಿಗಳಲ್ಲಿ ಗಾಳಿ, ಇಂಧನ, ಹೊಗೆ ಮೂರೂ ಒಂದೇ ಗಣಕದ ಲೆಕ್ಕದಲ್ಲಿ ಹೆಣೆದುಕೊಂಡಿವೆ. ಅಲ್ಲಿ ಕೈಯಾಡಿಸಿದರೆ ಎಂಜಿನಿನ ದೀಪ ಹೊತ್ತಿಕೊಳ್ಳುವುದೂ ಕಂಪನಿಯ ಖಾತರಿ ಕೈತಪ್ಪುವುದೂ ಅಸಂಭವವಲ್ಲ.

ಉಳಿತಾಯ ಇರುವುದೆಲ್ಲಿ?

ದಿನಕ್ಕೆ ೭೫ ಲೀಟರು ಕುಡಿಯುವ ಲಾರಿಯಲ್ಲಿ ಶೇಕಡಾ ಐದು ಉಳಿದರೆ, ತಿಂಗಳಿಗೆ ೨೫ ದಿನದ ಓಟದಲ್ಲಿ ತೊಂಬತ್ತು ಲೀಟರಿಗೂ ಮೀರಿದ ಡೀಸೆಲು ಉಳಿಯುತ್ತದೆ. ಆಸೆ ಹುಟ್ಟಿಸುವ ಮೊತ್ತವೇ ಹೌದು. ಆ ಉಳಿತಾಯ ಸಾಧ್ಯವೂ ಹೌದು. ಆದರೆ ಅದಕ್ಕೆ ಹೊಳೆಯುವ ಕೊಳವೆ ಬೇಡ.

ಗಾಳಿಯ ಎದುರೊತ್ತು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ ೮೦ ಕಿಲೋಮೀಟರಿನಿಂದ ೬೦ಕ್ಕೆ ಇಳಿದರೆ ಆ ಎದುರೊತ್ತು ಶೇಕಡಾ ೪೪ರಷ್ಟು ಕುಗ್ಗುತ್ತದೆ. ಮಂಡಿಯಲ್ಲಿ ಸರದಿ ಕಾಯುವಾಗ ಎಂಜಿನನ್ನು ಸುಮ್ಮನೆ ಓಡಿಸಿದರೆ ಗಂಟೆಗೆ ಎರಡು ಲೀಟರಿನ ಆಸುಪಾಸಿನ ಡೀಸೆಲು ಹೊಗೆಯಾಗುತ್ತದೆ. ಟಾಯರಿನಲ್ಲಿ ಗಾಳಿ ಕಡಿಮೆಯಾದರೆ ಟಾಯರೂ ಸವೆಯುತ್ತದೆ, ಡೀಸೆಲೂ ಸವೆಯುತ್ತದೆ. ಇಂಟರ್‌ಕೂಲರಿನ ಜಾಲರಿಯಲ್ಲಿ ಸಿಕ್ಕಿದ ಹತ್ತಿಯ ಎಳೆ, ಹೊಟ್ಟುಗಳನ್ನು ತೆಗೆಯಿಸಿದರೆ ನಿಜವಾದ ತಂಪುಗಾಳಿ ಬಿಟ್ಟಿಯಾಗಿ ದೊರೆಯುತ್ತದೆ. ಟರ್ಬೊವಿನಿಂದ ಎಂಜಿನಿಗೆ ಹೋಗುವ ಹೋಸ್ ಪೈಪಿನ ಕ್ಲಾಂಪು ಸಡಿಲವಾಗಿದ್ದರೆ ಒತ್ತಿದ ಗಾಳಿ ಸೋರಿ ಕಪ್ಪುಹೊಗೆ ಬರುತ್ತದೆ. ಬಿಗಿಮಾಡಲು ಒಂದು ತಿರುಪುಳಿ ಸಾಕು.

ಫಿಲ್ಟರಿನ ವಿಷಯದಲ್ಲಿ ನಮ್ಮಲ್ಲಿ ಬೇರೂರಿದ ಒಂದು ಚಾಳಿ ಹೋಗಬೇಕು. ಕಾಗದದ ಫಿಲ್ಟರನ್ನು ಟಾಯರಿಗೆ ಬಡಿದು ಧೂಳು ಉದುರಿಸುವುದು, ಪಂಚರ್ ಅಂಗಡಿಯಲ್ಲಿ ಜೋರಾಗಿ ಗಾಳಿ ಹೊಡೆಸುವುದು, ಇವುಗಳಿಂದ ಕಾಗದದಲ್ಲಿ ಕಣ್ಣಿಗೆ ಕಾಣದ ಸೀಳು ಬೀಳುತ್ತದೆ. ಧೂಳು ರಾಜಮಾರ್ಗದಲ್ಲಿಯೇ ಒಳಗೆ ಹೋಗುತ್ತದೆ. ಫಿಲ್ಟರಿನ ಗೂಡಿನ ಮೇಲೆ ಅಡ್ಡಿಯನ್ನು ತೋರಿಸುವ ಪುಟ್ಟ ಸೂಚಕವಿದ್ದರೆ, ಅದರಲ್ಲಿ ಕೆಂಪು ಪಟ್ಟಿ ಮೂಡಿದಾಗ ಫಿಲ್ಟರನ್ನು ಬದಲಿಸುವುದೇ ಸರಿಯಾದ ಕ್ರಮ.

ಹೀಗೆ ನೋಡಿದಾಗ ತೀರ್ಪು ಕಷ್ಟದ್ದಲ್ಲ. ಬಿಸಿಗಾಳಿ ಎಳೆಯುತ್ತಿದ್ದ ಹಳೆಯ ಪೆಟ್ರೋಲ್ ಗಾಡಿಗೆ ಈ ಸಾಧನದಿಂದ ಸ್ವಲ್ಪ ಉಪಕಾರವಾದೀತು. ಟರ್ಬೊ, ಇಂಟರ್‌ಕೂಲರುಗಳುಳ್ಳ ಇಂದಿನ ಡೀಸೆಲ್ ಲಾರಿಗೆ ಇದರಿಂದ ಆಗುವ ಲಾಭ ಅಳೆಯಲೂ ಸಿಗದಷ್ಟು. ಆಗಬಹುದಾದ ನಷ್ಟ ಮಾತ್ರ ಒಂದು ಎಂಜಿನಿನಷ್ಟು. ಇದ್ದ ಹಣದಲ್ಲಿ ಒಳ್ಳೆಯ ಕಂಪನಿಯ ಕಾಗದದ ಫಿಲ್ಟರನ್ನು ವೇಳೆಗೆ ಸರಿಯಾಗಿ ಹಾಕಿಸಿ, ಉಳಿದುದನ್ನು ಟಾಯರಿಗೆ ಮೀಸಲಿಟ್ಟ ಮಾಲಿಕನ ಲಾರಿ ಸದ್ದು ಮಾಡದಿದ್ದರೂ ಹೆಚ್ಚು ಕಾಲ ಬಾಳುತ್ತದೆ. ಅವನ ಮನೆಯ ಬಂಗಾರ ಮನೆಯಲ್ಲಿಯೇ ಇರುತ್ತದೆ; ಸವಣೂರಿನ ಎಲೆಯೂ ಬಾಡುವ ಮೊದಲೇ ಪಟ್ಟಣವನ್ನು ಸೇರುತ್ತದೆ.